ನಾಲ್ಕು ಉತ್ತರ ಒಲ್ಲದ ಮಾಸ್ತರ

ಫಕೀರಸಾಬ ಮಾಸ್ತರರು ಯಾರ ಮನೆಗೆ ಹೋದರೂ ಹೊಸ್ತಿಲಿನ ಹೊರಗೇ ನಿಂತುಬಿಡುತ್ತಿದ್ದರು. ಮನೆಯ ಯಜಮಾನ ಎದ್ದು ಬಂದು ಕೈ ಹಿಡಿದು ಕರೆಯಲಿ, ಅಂಗಳದಲ್ಲಿ ಹೊರಸು ಹಾಕಿಸಿ ಚಹಕ್ಕೆ ಹೇಳಲಿ, ಬಿಸಿಲು ನೆತ್ತಿ ಸುಡುತ್ತಿರಲಿ, ಆ ಮನುಷ್ಯ ಅಲ್ಲಿಂದ ಒಂದು ಬೆರಳಿನಷ್ಟೂ ಸರಿಯುತ್ತಿರಲಿಲ್ಲ; ಒಳಗಿನಿಂದ ಒಬ್ಬ ಹೆಣ್ಣುಮಗಳ ದನಿ 'ಬರ್ರಿ' ಅನ್ನಬೇಕು, ಅಂದ ಮೇಲೆ ಚಪ್ಪಲಿ ಕಳಚಬೇಕು, ಕಳಚಿ ಒಳಗೆ ಬಂದು ಕೂಡುವ ಮೊದಲೇ ಕೇಳಬೇಕು: "ಯವ್ವಾ, ಈ ಮನ್ಯಾಗ ಎಷ್ಟ ಒಲಿ ಉರೀತಾವು?" ಈ ಪ್ರಶ್ನೆಗೆ ಬೆಚ್ಚಿದವರುಂಟು, ನಕ್ಕವರುಂಟು, ಗ್ಯಾಸ್ ಏಜೆನ್ಸಿಯವನು ಬಂದನೆಂದು ತಿಳಿದು ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸಿದ ಮುದುಕಿಯೊಬ್ಬಳೂ ಉಂಟು.

ನಮ್ಮ ಮುದ್ದೇಬಿಹಾಳದ ಸುತ್ತಿನಲ್ಲಿ ಬಾಗಿಲು ಒಂದೇ ಇದ್ದ ಮಾತ್ರಕ್ಕೆ ಒಳಗಿರುವ ಸಂಸಾರವೂ ಒಂದೇ ಎಂದು ತಿಳಿಯುವ ಹಾಗಿಲ್ಲ. ಮೂವರು ಅಣ್ಣತಮ್ಮಂದಿರು ಒಂದೇ ಜಂತಿಯ ಕೆಳಗೆ ಮಲಗುತ್ತಾರೆ, ಒಂದೇ ಬಚ್ಚಲಲ್ಲಿ ಜಳಕ ಮಾಡುತ್ತಾರೆ, ಊರ ಮುಂದೆ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಮಾತಾಡುತ್ತಾರೆ. ಒಳಗೆ ಮಾತ್ರ ಅಡಿಗೆಮನೆಯಲ್ಲಿ ಒಂದು, ಪಡಸಾಲೆಯ ಮೂಲೆಯಲ್ಲಿ ಒಂದು, ಹಿತ್ತಲ ತಗಡಿನ ಕೆಳಗೆ ಒಂದು ಎಂದು ಮೂರು ಒಲೆಗಳು ಮೂರು ಬೇರೆ ಹೊತ್ತಿಗೆ ಉರಿಯುತ್ತಿರುತ್ತವೆ. ಯಾರು ಯಾರಿಂದ ಯಾವಾಗ ಬೇರೆಯಾದರು, ಅವ್ವನ ಊಟ ಯಾರ ಒಲೆಯ ಮೇಲೆ, ಗಂಡ ಸತ್ತ ಅತ್ತಿಗೆಯ ರೊಟ್ಟಿ ಯಾರ ಹಂಚಿನ ಮೇಲೆ, ಇವೆಲ್ಲ ಒಲೆ ಎಣಿಸಿದವನಿಗೆ ತಾನಾಗಿಯೇ ತಿಳಿಯುತ್ತವೆ. "ಬಾಗಲಾ ಎಣಿಸೂದು ಪುರಸಭೆಯವ್ರ ಕೆಲಸ, ಒಲಿ ಎಣಿಸೂದು ನಮ್ಮ ಕೆಲಸ" ಎಂದು ಮಾಸ್ತರರು ಪ್ರತಿ ವರ್ಷದ ಮೊದಲ ತಾಸಿಗೆ ಹುಡುಗರಿಗೆ ಹೇಳುತ್ತಿದ್ದರು. ಸಮಾಜಶಾಸ್ತ್ರ ಎಂದರೇನು ಎಂಬ ಪ್ರಶ್ನೆಗೆ ಅವರು ಕೊಟ್ಟ ವ್ಯಾಖ್ಯೆ, ನನಗೆ ತಿಳಿದ ಮಟ್ಟಿಗೆ, ಇದೊಂದೇ.

ಕಾಲೇಜಿನ ಗೇಟಿನ ಎದುರು ನನ್ನದು ಪುಸ್ತಕ ಕಟ್ಟುವ ಅಂಗಡಿ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಆದರೆ ನಲವತ್ತೆಂಟು ವರ್ಷ ಈ ಊರಿನ ಹರಿದ ಪುಸ್ತಕಗಳೆಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ, ಹೊಲಿಯುವ ಮೊದಲು ಓದುವುದು ನನ್ನ ಕ್ರಮ, ಆದ್ದರಿಂದ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಯಾರ ಮುಂದೂ ತಲೆ ತಗ್ಗಿಸುವ ಪ್ರಸಂಗ ನನಗೆ ಬಂದಿಲ್ಲ. ಫಕೀರಸಾಬ ಮಾಸ್ತರರ ಪರಿಚಯವಾದದ್ದೂ ಹರಿದ ಪುಸ್ತಕದಿಂದಲೇ. ಇಪ್ಪತ್ತೆರಡು ವರ್ಷಗಳ ಹಿಂದೆ ತಾಳಿಕೋಟೆಯ ಬಸ್ಸಿನಿಂದ ಇಳಿದು, ಎಡ ಹೆಗಲಿನ ಚೀಲದ ಭಾರಕ್ಕೆ ಎಡಕ್ಕೇ ವಾಲಿ, ಎದುರುಗಾಳಿಯಲ್ಲಿ ನಡೆಯುವವರ ಹಾಗೆ ಎದೆ ಮುಂದೆ ಮಾಡಿಕೊಂಡು ಬಂದು, ಬೆನ್ನು ಕಿತ್ತ ಒಂದು ಗ್ರಂಥವನ್ನು ನನ್ನ ಹಲಗೆಯ ಮೇಲಿಟ್ಟರು. ಅಂದು ಹಾಕಿದ್ದ ಬೂದಿಬಣ್ಣದ ಕೋಟಿನ ಮಾದರಿಯನ್ನೇ ಅವರು ಮುಂದೆ ಎಂದೂ ಬಿಡಲಿಲ್ಲ. ಅವರ ಹೆಂಡತಿ ನಜಮಾ ತಾಳಿಕೋಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಾಕೆ. ಒಂದು ಕೋಟು ಮಾಸಿದರೆ ಅದೇ ಬಣ್ಣದ, ಅದೇ ನಾಲ್ಕು ಜೇಬಿನ ಇನ್ನೊಂದನ್ನು ಹೊಲಿದು ಕೊಡುತ್ತಿದ್ದಳು. ವೈಶಾಖದ ಬಿಸಿಲಿನಲ್ಲೂ ಗುಂಡಿ ಬಿಚ್ಚಿದವರಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಇಂಥಾ ಬಿಸಲಾಗ ಕೋಟ ಯಾಕ್ರಿ ಮಾಸ್ತರ?"

"ಕೋಟ ಕಳದ್ರ ನನಗೂ ಬಸ್ಸಿನ ಕಂಡಕ್ಟರಗೂ ಏನ ಫರಕ ಉಳೀತೈತಿ ಕಾಕಾ? ಇಬ್ಬರೂ ದಿನಾ ತಾಳಿಕೋಟಿಯಿಂದ ಬರ್ತೇವಿ, ಇಬ್ಬರ ಬಗಲಾಗೂ ಚೀಲ ಇರತೈತಿ." ಕೋಟಿನ ಗುಂಡಿ ಸರಿಮಾಡಿಕೊಂಡು ಅವರೇ ಮುಂದುವರಿಸಿದರು: "ಆಂವಂದು ಪರ್ಮನೆಂಟ್ ನೌಕರಿ, ಅದೊಂದ ಫರಕ ಐತಿ ಬಿಡ್ರಿ."

ಹೌದು, ಅವರದು ಖಾಯಂ ನೌಕರಿ ಆಗಿರಲಿಲ್ಲ. ಅತಿಥಿ ಉಪನ್ಯಾಸಕರೆಂದು ಸರಕಾರ ಕರೆಯುವ, ವರ್ಷವರ್ಷವೂ ಹೊಸದಾಗಿ ಆದೇಶ ಪಡೆದು ಕಲಿಸುವ ಆ ದೊಡ್ಡ ಬಳಗದಲ್ಲಿ ಅವರೊಬ್ಬರು. ಬೇಸಿಗೆ ಬಂತೆಂದರೆ ಅವರ ನೌಕರಿ ಮುಗಿಯುತ್ತಿತ್ತು, ಮಳೆಗಾಲಕ್ಕೆ ಮತ್ತೆ ಚಿಗುರುತ್ತಿತ್ತು. ಕಲಾ ವಿಭಾಗಕ್ಕೆ ಬರುವ ಹುಡುಗರು ಹೆಚ್ಚಾಗಿ ಬೇರೆಲ್ಲೂ ಜಾಗ ಸಿಗದೆ ಬಂದವರು, ತಮ್ಮನ್ನು ತಾವೇ ಕಡಿಮೆ ಎಂದು ತಿಳಿದುಕೊಂಡವರು. ಅಂಥವರಿಗೆ ಮಾಸ್ತರರು ನೋಟ್ಸು ಬರೆಸುತ್ತಿರಲಿಲ್ಲ, ಓಣಿಗೆ ಕರೆದೊಯ್ಯುತ್ತಿದ್ದರು. ಪರೀಕ್ಷೆಯ ಪತ್ರಿಕೆಗಳಲ್ಲಿ ಒಂದು ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಅಚ್ಚು ಹಾಕಿ ಸರಿಯಾದದ್ದಕ್ಕೆ ಗುರುತು ಮಾಡಿರಿ ಎನ್ನುವ ಪದ್ಧತಿ ಬಂದ ಮೇಲಂತೂ ಅವರ ಸಿಟ್ಟು ನೆತ್ತಿಗೇರಿತ್ತು. "ನಾಲ್ಕ ಉತ್ತರಾ ಮೊದಲ ಬರದಿಟ್ಟ ಮ್ಯಾಲೆ ಪ್ರಶ್ನಿ ಯಾಕ ಕೇಳಬೇಕು? ಇದು ಪರೀಕ್ಷಾನೋ, ಪೊಲೀಸ್ರು ಸಾಲಾಗಿ ನಿಂದರಿಸಿ ಕಳ್ಳನ್ನ ಗುರ್ತಿಸ್ರಿ ಅನ್ನೋ ಕೆಲಸಾನೋ?" ಎನ್ನುತ್ತಿದ್ದರು. ನನಗೆ ಆ ಮಾತು ಬಹಳ ಸೇರುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳಿ ತಿರುಗಿದ್ದೇನೆ.

ಹೊಸ್ತಿಲಿನ ಹೊರಗೆ ನಿಲ್ಲುವ ರೂಢಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಆ ಪೆಟ್ಟಿನ ಕತೆ ಸಾಲೋಟಗಿಯದು. ಅಲ್ಲಿನ ಹಳೆಯ ಶಾಸನವನ್ನು ನೋಡಿದ ಹಾಗೂ ಆಯಿತು, ಮನೆಮನೆಯ ಸಮೀಕ್ಷೆ ಮಾಡಿದ ಹಾಗೂ ಆಯಿತು ಎಂದು ಎರಡು ದಿನದ ಶಿಬಿರಕ್ಕೆ ಹುಡುಗರನ್ನು ಕರೆದೊಯ್ದಿದ್ದರು. ಆ ಊರಿನಲ್ಲಿ ಬಸಂತರಾಯ ಎಂಬ ನಿವೃತ್ತ ಅಂಚೆಯವರು, ಪ್ರತಿ ಮನೆಯ ಹೆಸರನ್ನೂ ಬಾಯಿಪಾಠ ಬಲ್ಲವರು, ದಾರಿ ತೋರಿಸಲು ಜೊತೆಗೆ ಬಂದರು. ಸೋಮನಿಂಗ ಎಂಬ ಹುಡುಗನ ಪಾಲಿಗೆ ಒಂದು ಓಣಿ ಬಿತ್ತು. ಅವನ ಕೈಯಲ್ಲಿನ ಹಾಳೆಯ ಎರಡನೆಯ ಪ್ರಶ್ನೆ, 'ಯಜಮಾನರ ಹೆಸರು'. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಹಿರಿಯ ಹೆಣ್ಣುಮಕ್ಕಳಲ್ಲಿ ಇಲ್ಲ. ಸೋಮನಿಂಗನಿಗೂ ಇದು ಗೊತ್ತು, ಅವನ ಅವ್ವನೂ ಹೇಳಿದವಳಲ್ಲ. ಅವನು ನಾಚುತ್ತ ಕೇಳಿದ, ಮನೆಯ ಹೆಣ್ಣುಮಕ್ಕಳು ಸೆರಗು ಎಳೆದುಕೊಂಡು ಮುಖ ತಿರುಗಿಸಿ "ಬಸಂತರಾಯ" ಎಂದರು, ಅವರನ್ನು ಕೇಳಿಕೋ ಎಂಬ ಅರ್ಥದಲ್ಲಿ. ಹುಡುಗ, ಪಾಪ, ಇಷ್ಟು ಕಷ್ಟಪಟ್ಟು ಹೇಳಿದ ತಾಯಿಯನ್ನು ಮತ್ತೊಮ್ಮೆ ಕೇಳುವುದು ಮರ್ಯಾದೆಯಲ್ಲವೆಂದು ತಲೆ ತಗ್ಗಿಸಿ ಅದನ್ನೇ ಬರೆದುಕೊಂಡ. ಬಸಂತರಾಯರು ಆಗ ಓಣಿಯ ತುದಿಯಲ್ಲಿ ಚಹ ಕುಡಿಯುತ್ತ ಕೂತಿದ್ದರು. ಹೀಗೆ ಹನ್ನೊಂದು ಮನೆ.

ವರದಿ ಅಚ್ಚುಕಟ್ಟಾಗಿ ತಯಾರಾಯಿತು. ನಾನೇ ಬೈಂಡು ಮಾಡಿಕೊಟ್ಟೆ, ಒಂದು ಪ್ರತಿ ಸಾಲೋಟಗಿಯ ಪಂಚಾಯಿತಿಯ ವಾಚನಾಲಯಕ್ಕೆ ಹೋಯಿತು. ಹದಿನೈದು ದಿನ ಕಳೆದಿರಲಿಲ್ಲ, ಬಸಂತರಾಯರ ಹೆಂಡತಿ ಕಸ್ತೂರೆವ್ವ ಆ ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಬದಲಿಸುತ್ತ ಇಂಡಿ ತಾಲೂಕಿನ ಮೂಲೆಯಿಂದ ಮುದ್ದೇಬಿಹಾಳದವರೆಗೆ ಬಂದು ಕಾಲೇಜಿನ ಅಂಗಳದಲ್ಲಿ ನಿಂತಳು. ಹಿಂದೆ ಹತ್ತು ಮಾರು ದೂರದಲ್ಲಿ, ಟೋಪಿಯನ್ನು ಕೈಯಲ್ಲಿ ಹಿಡಿದು, ಬಸಂತರಾಯರು.

"ಫಕೀರಸಾಬ ಮಾಸ್ತರ ಅನ್ನಾಂವ ಯಾಂವಪಾ ಇಲ್ಲೆ?"

"ನಾನs ಬೇ ಯವ್ವಾ. ಏನಾತು?"

"ನನಗೇನ ಆಗಿಲ್ಲ, ಇವಗ ಆಗೇತಿ ನೋಡು, ಹನ್ನೊಂದು ಲಗ್ನ. ಎಲ್ಲೆ ಅದಾರೋ ಆ ಹನ್ನೊಂದು ಮಂದಿ ಸವತ್ಯಾರು, ತೋರಿಸು. ನಲವತ್ತ ವರ್ಷ ಆತು, ಪ್ಯಾಟಿಗೆ ಹೋದ್ರ ನನಗೊಬ್ಬಾಕಿಗೆ ಚಾಪುಡಿ ತರೂದ ಮರೀತಾನ ಈ ಮನಶ್ಯಾ. ಹನ್ನೊಂದು ಮನಿ ಹ್ಯಾಂಗ ನಡಸ್ತಾನ?"

ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಮನಿಂಗ ಗೋಡೆಯ ಮರೆ ಹುಡುಕುತ್ತಿದ್ದ. ಮಾಸ್ತರರು ಮಾತ್ರ ನಗದೆ, ಕೋಟಿನ ಗುಂಡಿ ಹಿಡಿದುಕೊಂಡು, "ತಪ್ಪು ಹುಡುಗಂದಲ್ಲವ್ವಾ. ಹೇಳಬಾರದ್ದನ್ನ ಕೇಳಿದ್ವಿ, ಅದು ನನ್ನ ತಪ್ಪು" ಎಂದರು. ಕಸ್ತೂರೆವ್ವನಿಗೆ ಚಹ ತರಿಸಿ, ಹನ್ನೊಂದು ಸಾಲುಗಳನ್ನು ಆಕೆಯ ಕಣ್ಣೆದುರೇ ಹೊಡೆದುಹಾಕಿ, ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದರು. ಅಂದಿನಿಂದ ಒಳಗಿನ ಹೆಣ್ಣುಮಗಳು ಕರೆಯದೆ ಮನೆ ಹೊಗುವುದಿಲ್ಲ, ಯಜಮಾನನ ಹೆಸರು ಮೊದಲು ಕೇಳುವುದಿಲ್ಲ, ಒಲೆಯಿಂದ ಆರಂಭ ಎಂಬ ಮೂರು ನೇಮಗಳಾದವು.

ಆದರೂ ಹಾಳೆಗೆ ಹೆಸರು ಬೇಕಲ್ಲ. ಆ ಗಂಟನ್ನು ಬಿಡಿಸಿದವಳು ಮೆಹನಾಜ. ಸಿಂದಗಿಯ ಹುಡುಗಿ, ಅಪ್ಪ ದಿಲಾವರ ಅಲ್ಲಿ ಬಸ್ ನಿಲ್ದಾಣದ ಹತ್ತಿರ ಹಣ್ಣು ಮಾರುವವನು. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿಎ ಓದುತ್ತಿದ್ದಳು. ಕಣ್ಣಿನಲ್ಲಿ ಅಳತೆ ಮಾಡಿ ಆಮೇಲೆ ಮಾತಾಡುವ ಸ್ವಭಾವ. ಹೂವಿನ ಹಿಪ್ಪರಗಿಯಲ್ಲಿ ಹುಲಿಗೆವ್ವ ಎಂಬ ಎಪ್ಪತ್ತರ ಮುದುಕಿ ಗಂಡನ ಹೆಸರಿಗೆ ಬಂದೊಡನೆ ತುಟಿ ಬಿಗಿದು ಕೂತಳು. ಮೆಹನಾಜ ಹಾಳೆಯನ್ನು ಮಡಿಚಿ ಕೆಳಗಿಟ್ಟು, "ಆಯಿ, ನಿಮ್ಮ ಲಗ್ನದಾಗ ಹೆಸರ ಹೇಳಾಕ ಹಚ್ಚಿರಬೇಕಲ್ಲ. ಅವಾಗ ಹಾಕಿದ್ದ ಒಡಪು ನೆನಪೈತೇನು?" ಎಂದಳು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸದಲ್ಲಿ ಕಟ್ಟಿ ಹಾಡಿದರೆ ದೋಷವಿಲ್ಲ, ಅದೇ ಒಡಪು. ಹುಲಿಗೆವ್ವನ ಮುಖದ ಗಂಟು ಸಡಿಲಾಯಿತು. ಎಲೆಯಡಿಕೆಯ ಬಾಯಿ ಒರೆಸಿಕೊಂಡು, ಸೊಸೆಯರ ಕಡೆ ಓರೆಗಣ್ಣಿನಿಂದ ನೋಡಿ, ಹೇಳಿದಳು:

"ಹೊಲದಾಗ ಬಿಳಿಜ್ವಾಳ, ಬದುವಿನ ಮ್ಯಾಲ ಅಗಸಿ,
ಗುರುಶಾಂತಪ್ಪನ ಹೆಸರ ಹೇಳೇನಿ, ಕಾಲೇಜಿನ ಹುಡಿಗೀನ ನಗಿಸಿ."

ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಕೇಳಿಸಿಕೊಂಡರು. ಮರುದಿನ ನನ್ನ ಅಂಗಡಿಗೆ ಬಂದು, "ಹದಿನೈದ ವರ್ಷ ಕಲಿಸೇನಿ ಕಾಕಾ, ನನಗಿದು ಹೊಳೀಲಿಲ್ಲ. ಈಕಿ ಮಾಸ್ತರಕಿ ಆಗಬೇಕು" ಎಂದರು. ಅಂದಿನಿಂದ ಆ ಹುಡುಗಿಯ ಬೆನ್ನು ಬಿಡಲಿಲ್ಲ. ಬಿಎ ಮುಗಿಯಿತು, ವಿಜಯಪುರಕ್ಕೆ ಎಂಎಗೆ ಕಳಿಸಲು ದಿಲಾವರನನ್ನು ಒಪ್ಪಿಸಿದರು. ಎಂಎ ಮುಗಿಯಿತು, ಉಪನ್ಯಾಸಕರಾಗಬೇಕಾದರೆ ಪಾಸಾಗಬೇಕಾದ ನೆಟ್ ಪರೀಕ್ಷೆಗೆ ಕೂಡೆಂದು ಕಾಡಿದರು. ಅದು ಪೂರಾ ನಾಲ್ಕು ಉತ್ತರದ ಪರೀಕ್ಷೆ. ತಾವು ಹೇಸುತ್ತಿದ್ದ ಆ ಪದ್ಧತಿಗೆ ಆಕೆಯನ್ನು ಸಿದ್ಧ ಮಾಡಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಎಲ್ಲೆಲ್ಲಿಂದಲೋ ತಂದು ನನ್ನಿಂದಲೇ ಬೈಂಡು ಮಾಡಿಸಿದರು. ಮೂರನೆಯ ಸಲಕ್ಕೆ ಪಾಸಾದಳು.

ಅದೇ ಹೊತ್ತಿಗೆ ಮೇಲಿನಿಂದ ಒಂದು ಮಾತು ಗಟ್ಟಿಯಾಗತೊಡಗಿತು: ಇನ್ನು ಮುಂದೆ ಅತಿಥಿ ಉಪನ್ಯಾಸಕರಿಗೂ ನೆಟ್ ಇಲ್ಲವೆ ರಾಜ್ಯದ ಕೆಸೆಟ್ ಪಾಸಾಗಿರಬೇಕು, ಇಲ್ಲವೆ ಪಿಎಚ್‌ಡಿ ಇರಬೇಕು, ಇಲ್ಲದವರು ಪಟ್ಟಿಯ ತಳಕ್ಕೆ. ಈಗಾಗಲೇ ಕೆಲಸದಲ್ಲಿದ್ದವರಿಗೆ ಪಾಸು ಮಾಡಿಕೊಳ್ಳಲು ಒಂದಷ್ಟು ವರ್ಷಗಳ ಅವಕಾಶವೂ ಇತ್ತು. ಫಕೀರಸಾಬರ ಬಳಿ ಇದ್ದದ್ದು ಹಳೆಯ ಎಂಎ ಒಂದೇ. ಒಂದು ಮಧ್ಯಾಹ್ನ ಅರ್ಜಿಯ ಕಾಗದವನ್ನು ಕೋಟಿನ ಮೇಲಿನ ಜೇಬಿನಿಂದ ತೆಗೆದು ನನ್ನ ಹಲಗೆಯ ಮೇಲಿಟ್ಟರು.

"ಕೆಸೆಟ್ ಕರದಾರ ಕಾಕಾ. ನಜಮಾ ಅರ್ಜಿ ತುಂಬ್ರಿ ಅಂತಾಳ. ನೀವೇನಂತೀರಿ?"

ನಾನು ಅಂಟು ಹಚ್ಚುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಂವ ನಾನು. ಈ ಕಾಲೇಜಿನ ಅರ್ಧ ಪುಸ್ತಕ ನನ್ನ ತಲ್ಯಾಗ ಅದಾವು. ಯಾವ ಪರೀಕ್ಷಾ ಬರದೀನಿ? ಇಪ್ಪತ್ತ ವರ್ಷ ಪಾಠಾ ಹೇಳಿದಾಂವ ಈಗ ಹೋಗಿ ನಿಮ್ಮ ಹುಡುಗರ ಬಾಜೂ ಕುಂತು ನಾಲ್ಕ ಉತ್ತರದಾಗ ಗೆರಿ ಎಳೀತೀರೇನು?"

ಅವರು ನಕ್ಕರು. ಕಾಗದ ಜೇಬಿಗೆ ಮರಳಿತು. ಆ ವರ್ಷದ ತಾರೀಖು ಮುಗಿಯಿತು, ಮರುವರ್ಷದ್ದೂ ಮುಗಿಯಿತು.

ಹೋದ ಜೂನ್‌ನಲ್ಲಿ ಇನ್ನೊಂದು ಸಂಕಟ ಎದುರಾಯಿತು. ಮೊದಲ ವರ್ಷಕ್ಕೆ ಸಮಾಜಶಾಸ್ತ್ರ ತೆಗೆದುಕೊಳ್ಳುವವರು ಹದಿನೈದು ಮಂದಿಯಾದರೂ ಆಗದಿದ್ದರೆ ಆ ವಿಷಯವನ್ನೇ ಕಾಲೇಜಿನಿಂದ ಕೈಬಿಡುತ್ತೇವೆಂದು ಪ್ರಾಚಾರ್ಯರು ಖಂಡಿತವಾಗಿ ಹೇಳಿಬಿಟ್ಟರು. ವಿಷಯ ಹೋದರೆ ಮಾಸ್ತರರ ಕುರ್ಚಿಯೂ ಹೋಯಿತು, ಓಣಿಗೆ ಹೋಗುವ ಹುಡುಗರೂ ಹೋದರು. ಕೊನೆಯ ವಾರದಲ್ಲಿ ಎಣಿಕೆ ಹದಿಮೂರಕ್ಕೆ ನಿಂತಿತ್ತು. ಕಚೇರಿಯ ಗುಮಾಸ್ತ ಅನಿಲ, ಒಳ್ಳೆಯ ಮನುಷ್ಯ, ನನ್ನ ಅಂಗಡಿಗೇ ಬಂದು ಅಲ್ಲಿ ಕೂತಿದ್ದ ಮಾಸ್ತರರಿಗೆ ಉಪಾಯ ಹೇಳಿದ.

"ಸರ, ನಿಮ್ಮ ಸಂಬಂಧಿಕರ ಪೈಕಿ ಪಿಯುಸಿ ಆದ ಹುಡಿಗ್ಯಾರು ಇದ್ರ ಎರಡ ಹೆಸರ ಹಚ್ಚಿಬಿಡ್ರಿ. ಲಿಸ್ಟ ಮ್ಯಾಲ ಹೋದಮ್ಯಾಲೆ ಟಿಸಿ ತಗೊಂಡ ಹೋಗ್ಲಿ. ಯಾರ ಕೇಳ್ತಾರ?"

"ಇಲ್ಲದಾಕಿನ್ನ ಬರದ್ರ, ನಾಳೆ ಹುಡುಗ್ರಿಗೆ ಏನಂತ ಎಣಿಸಾಕ ಕಲಿಸ್ಲಿ ಅನಿಲ? ಬಸಂತರಾಯನ ಹನ್ನೊಂದು ಲಗ್ನ ಮಾಡೀನಿ, ಸಾಕು."

"ಹಂಗಾದ್ರ ನನ್ನ ಹೆಸರ ಬರ್ಕೋರಿ" ಎಂದೆ ನಾನು, ಅರ್ಧ ಚೇಷ್ಟೆಗೆ, ಅರ್ಧ ನಿಜಕ್ಕೆ. "ವಯಸ್ಸಿನ ಕಟ್ಟ ಇಲ್ಲಂತಲ್ಲ."

ಅನಿಲ ನೆಲ ನೋಡಿದ. "ಕಾಕಾ, ಪಿಯುಸಿ ಮಾರ್ಕ್ಸ್ ಕಾರ್ಡ್ ಬೇಕಾಗತೈತ್ರಿ. ನಿಮ್ಮ ಕಡೆ ಹತ್ತನೇತ್ತದ್ದೂ ಇಲ್ಲ."

ನಾನು ಮತ್ತೆ ಅಂಟಿನ ಬಟ್ಟಲಿಗೆ ಕೈ ಹಾಕಿದೆ.

ಮರುದಿನ ಮಾಸ್ತರರು ಅರ್ಜಿಗಳನ್ನು ಜೇಬಿಗೆ ತುರುಕಿಕೊಂಡು ತಾಳಿಕೋಟೆಯ ದಾರಿಯ ಹಳ್ಳಿಗಳಿಗೆ ಹೊರಟರು, ಅಂಗಡಿ ಮುಚ್ಚಿ ನಾನೂ ಬೆನ್ನು ಹತ್ತಿದೆ. ಒಂದು ಊರಿನಲ್ಲಿ ಸಾವಂತ್ರವ್ವ ಎಂಬಾಕೆ ಒಳಗಿನಿಂದಲೇ, "ನನ್ನ ಮಗಳ ಲಗ್ನದ ಮಾತ ನಡದಾವು, ಆದ್ರೂ ಕಲೀಲಿ, ಬರ್ಕೋರಿ" ಎಂದಳು. ಭಾಗ್ಯಾ ಎಂಬ ಆಕೆಯ ಮಗಳು ಹದಿನಾಲ್ಕನೆಯವಳಾದಳು. ಇಳಿಹೊತ್ತಿಗೆ ತಲುಪಿದ್ದು ಜುಲ್ಫಿಕರನ ಮನೆ. ಗೂಡ್ಸ್ ಆಟೋ ಓಡಿಸುವವನು. ಮಗಳು ಇರಮ ಪಿಯುಸಿ ಪಾಸಾಗಿ ಮನೆಯಲ್ಲಿದ್ದಳು. ಮಾಸ್ತರರು ರೂಢಿಯಂತೆ ಹೊಸ್ತಿಲಿನ ಹೊರಗೆ ನಿಂತರು. ಜುಲ್ಫಿಕರ ಆಟೋ ತೊಳೆಯುವ ಅರಿವೆ ಹಿಂಡುತ್ತ ನೇರವಾಗಿ ವಿಷಯಕ್ಕೆ ಬಂದ.

"ಬಿಎ ಮಾಡಿದ್ರ ಏನ ಸಿಗತೈತ್ರಿ ಮಾಸ್ತರ? ನರ್ಸಿಂಗ್ ಮಾಡಿದ್ರ ದವಾಖಾನಿ ಸಿಗತೈತಿ, ಬಿಕಾಂ ಮಾಡಿದ್ರ ಸೊಸೈಟಿ ಸಿಗತೈತಿ. ನಿಮ್ಮ ಶಾಸ್ತ್ರಕ್ಕ?"

"ಅದ ಆಮ್ಯಾಲ ಹೇಳ್ತೇನಿ. ನಿಮ್ಮ ಊರಿಗೆ ಬಂದು ನಿಮಗ ಪ್ರಶ್ನಿ ಕೇಳೋರು ಯಾರ್ಯಾರ ಅದಾರ, ಅದನ್ನಷ್ಟ ಹೇಳ್ರಿ."

ಜುಲ್ಫಿಕರ ಒದ್ದೆ ಬೆರಳು ಮಡಿಚತೊಡಗಿದ. "ತಲಾಠಿ ಬರ್ತಾನ, ಹೊಲದ್ದ ಕೇಳಾಕ. ಪಂಚಾಯ್ತಿ ಪಿಡಿಓ ಬರ್ತಾಳ, ಪಾಯಖಾನಿ ಕಟ್ಟೀರೋ ಇಲ್ಲೋ ಅಂತ. ಅಂಗನವಾಡಿ ಸುಪರವೈಜರ್ ಬರ್ತಾಳ, ಕೂಸಿನ ತೂಕಾ ಕೇಳಾಕ. ಸಂಘದಾಕಿ ಬರ್ತಾಳ. ಪೇಪರಿನಾಂವ ಬರ್ತಾನ, ನೀರ ಬರಲಿಲ್ಲಂದ್ರ. ದವಾಖಾನಿಯಿಂದ ಒಬ್ಬಾಕಿ ಬರ್ತಾಳ, ಆಪ್ತಸಮಾಲೋಚಕಿ ಅಂತ, ಕುಡಿಯೋರ ಮನ್ಯಾಗ ಕುಂತ ಮಾತಾಡ್ತಾಳ. ಪೊಲೀಸ ಬರ್ತಾನ..."

"ಪೊಲೀಸನ್ನ ಬಿಟ್ಟ ಹೇಳ್ರಿ, ಅವ ಬಂದದ್ದ ಯಾಕಂತ ಮಂದಿಗೆ ಗೊತ್ತಾಗೂದ ಬ್ಯಾಡ" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

ಮಾಸ್ತರರು ಆ ದನಿಯ ಕಡೆಗೇ ತಿರುಗಿ ಕೇಳಿದರು. "ಇವ್ರೊಳಗ ಚಲೋ ಪ್ರಶ್ನಿ ಕೇಳೋರು ಯಾರವ್ವಾ?"

"ದವಾಖಾನ್ಯಾಕಿ. ಆಕಿ ಕೇಳೂದು ಒಂದು ಮಾತ, ಕೇಳಿಸ್ಕೊಳ್ಳೂದು ಒಂದ ತಾಸು."

"ಆಕಿ ಸಮಾಜಶಾಸ್ತ್ರ ಓದಿ, ಆಮ್ಯಾಲ ಎಂಎಸ್‌ಡಬ್ಲ್ಯೂ ಮಾಡ್ಯಾಳ. ಉಳದವ್ರೊಳಗೂ ಅರ್ಧಕ್ಕಿಂತ ಮ್ಯಾಲ ಬಿಎದವ್ರು. ಆದ್ರ ಅವ್ರೆಲ್ಲಾ ನೌಕರಿಗೆ ಬ್ಯಾರೆ ಪರೀಕ್ಷಾ ಬರದಾರ, ನಾ ಸುಳ್ಳ ಹೇಳಂಗಿಲ್ಲ. ಬರದವ್ರಿಗೆಲ್ಲಾ ಸಿಗೂದೂ ಇಲ್ಲ."

"ಸಿಗಲಿಲ್ಲಂದ್ರ?" ಎಂದ ಜುಲ್ಫಿಕರ.

"ಸಿಗಲಿಲ್ಲಂದ್ರ, ಮನಿಗೆ ಬಂದು ಪ್ರಶ್ನಿ ಕೇಳಿದವ್ರಿಗೆ ನಿಮ್ಮ ಮಗಳು ತಿರುಗಿ ಪ್ರಶ್ನಿ ಕೇಳ್ತಾಳ. ಅಷ್ಟಂತೂ ನನ್ನ ಜವಾಬ್ದಾರಿ."

"ಅದನ್ನ ಈಗs ಮಾಡ್ತಾಳ್ರಿ, ಕಲಿಸೂದೇನ ಬ್ಯಾಡ" ಎಂದಳು ತಾಯಿ. ನಕ್ಕಳೆಂದು ದನಿಯಲ್ಲೇ ತಿಳಿಯಿತು. "ಬರ್ರಿ ಒಳಗ, ಎಷ್ಟೊತ್ತ ನಿಂದರತೀರಿ."

ಇರಮ ಹದಿನೈದನೆಯವಳಾದಳು. ಸಮಾಜಶಾಸ್ತ್ರ ಉಳಿಯಿತು. ಮಾಸ್ತರರು ಅಂದು ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಜೇಬಿನಿಂದ ಹುರಿದ ಶೇಂಗಾ ತೆಗೆದು ನನಗೂ ಕೊಟ್ಟರು, ಕಂಡಕ್ಟರನಿಗೂ ಕೊಟ್ಟರು.

ಮುಂದಿನ ತಿಂಗಳು ಅತಿಥಿ ಉಪನ್ಯಾಸಕರ ಆಯ್ಕೆಯ ಪಟ್ಟಿ ಬಂತು. ಪರೀಕ್ಷೆ ಪಾಸಾದವರು ತಮ್ಮ ಸರದಿ ಬಂದಾಗ ಕಂಪ್ಯೂಟರಿನಲ್ಲಿ ಜಾಗ ಆರಿಸಿಕೊಳ್ಳಬೇಕು, ಉಳಿದರೆ ಉಳಿದವರಿಗೆ. ಮೆಹನಾಜಳ ಸರದಿ ಬರುವಷ್ಟರಲ್ಲಿ ಅವಳ ಊರು ಸಿಂದಗಿಯ ಜಾಗ ಹೋಗಿತ್ತು, ಇಂಡಿಯದು ಹೋಗಿತ್ತು, ಬಸವನ ಬಾಗೇವಾಡಿಯದೂ ಹೋಗಿತ್ತು. ಮುದ್ದೇಬಿಹಾಳ ಒಂದು ಉಳಿದಿತ್ತು. ಆರಿಸದೆ ಬಿಟ್ಟರೆ ಆ ವರ್ಷ ಮನೆಯಲ್ಲಿ ಕೂಡಬೇಕು. ಆರಿಸಿದಳು. ಆರಿಸಿದ ಮೇಲೆ ಎರಡು ದಿನ ಫೋನು ಬಂದ್ ಮಾಡಿ, ಮೂರನೆಯ ದಿನ ಸಿಂದಗಿಯ ಬಸ್ಸಿಳಿದು ನನ್ನ ಅಂಗಡಿಗೆ ಬಂದಳು. ಮಾಸ್ತರರು ಅಲ್ಲೇ ಇದ್ದರು, ಹುಡುಗರ ಸಮೀಕ್ಷೆಯ ಹಳೆಯ ಹಾಳೆಗಳನ್ನು ವರ್ಷವಾರು ಜೋಡಿಸುತ್ತಿದ್ದರು. ಅವರಿಗೆ ಸುದ್ದಿ ಮೊದಲೇ ತಿಳಿದಿತ್ತು.

"ಡ್ಯೂಟಿಗೆ ಹಾಜರ ಆಗಂಗಿಲ್ಲ ಸರ. ಒಲ್ಲೆ ಅಂತ ಬರದ ಕೊಡ್ತೇನಿ" ಎಂದಳು, ನಿಂತುಕೊಂಡೇ.

"ನೀ ಒಲ್ಲೆ ಅಂದ್ರ ಆ ಜಾಗಾ ನನಗ ಬರತೈತೇನು? ಪಟ್ಟ್ಯಾಗ ನಿನ್ನ ಕೆಳಗ ಪಾಸಾದವ್ರು ಇನ್ನೂ ಮಂದಿ ಅದಾರ. ನಾ ಇರೂದು ಅವ್ರೆಲ್ಲಾರ ಕೆಳಗ."

"ಹದಿನೈದ ಮಂದೀನ ಕೂಡಿಸಿದವ್ರು ನೀವು."

"ಅದಕ್ಕs ಹೇಳಾಕತ್ತೇನಿ. ಅವ್ರಪ್ಪಗ ಅವ್ರವ್ವಗ ಮಾತ ಕೊಟ್ಟ ಬಂದೀನಿ. ನೀ ಹೋಗು. ಕೂಡು ಮೊದಲ, ಚಾ ಕುಡಿ."

ಅವಳು ಕೂಡಲಿಲ್ಲ. "ನನಗ ಮೂರ ಸಲ ಬರಿಸಿದ್ರಿ ಸರ. ನಪಾಸಾಗಿ ಅತ್ತಾಗ ಸಿಂದಗಿ ತನಕ ಬಂದು ಮತ್ತ ಅರ್ಜಿ ತುಂಬಿಸಿದ್ರಿ. ನೀವ್ಯಾಕ ಬರೀಲಿಲ್ಲ?"

ಮಾಸ್ತರರು ಕೈಯಲ್ಲಿದ್ದ ಹಾಳೆಗಳ ಅಂಚನ್ನು ಹಲಗೆಗೆ ಕುಟ್ಟಿ ಸರಿಮಾಡಿದರು, ಸರಿಯಾಗಿದ್ದರೂ ಮತ್ತೊಮ್ಮೆ ಕುಟ್ಟಿದರು. ಸಾವಿರ ಮನೆಗಳ ಮುಂದೆ ನಿಂತು ಮಂದಿಯ ಉತ್ತರಕ್ಕೆ ಸಮಾಧಾನದಿಂದ ಕಾಯ್ದ ಮನುಷ್ಯ, ತಾವೇ ಉತ್ತರ ಹೇಳುವ ಹೊತ್ತಿಗೆ ಬಹಳ ತಡ ಮಾಡಿದರು.

"ಸೊಕ್ಕವ್ವಾ" ಎಂದರು ಕೊನೆಗೆ. "ಮತ್ತೇನಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಆ ಸೊಕ್ಕಿನಲ್ಲಿ ಅರ್ಧ ನನ್ನದೆಂದು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನೋಡಲಿಲ್ಲವಾದ್ದರಿಂದ ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ. ಮೆಹನಾಜ ಚಹ ಕುಡಿದಳು, ರಸ್ತೆ ದಾಟಿದಳು, ಹಾಜರಾದಳು.

ಈಗ ಆರು ತಿಂಗಳು. ಮಾಸ್ತರರು ತಾಳಿಕೋಟೆಯಲ್ಲಿ ಹೆಂಡತಿಯ ಅಂಗಡಿಯ ಲೆಕ್ಕವಿಲ್ಲದ ಸಣ್ಣ ಕೆಲಸಗಳಿಗೆ ಕೈ ಹಚ್ಚುತ್ತಾರೆ, ಗುಂಡಿ ಹಚ್ಚುತ್ತಾರೆ, ಅಳತೆ ಬರೆದುಕೊಳ್ಳುತ್ತಾರೆ. ಕಾಲೇಜಿಗೆ ಕರೆದರೆ ಬರುವುದಿಲ್ಲ. ಮೆಹನಾಜ ಹದಿನೈದು ಹುಡುಗರನ್ನೂ ಓಣಿಗೆ ಕರೆದೊಯ್ಯುತ್ತಾಳೆ. ಅದರ ಜೊತೆಗೇ ಶನಿವಾರ ಮಧ್ಯಾಹ್ನ ಪರೀಕ್ಷೆಯ ನಾಲ್ಕು ಉತ್ತರಗಳ ಅಭ್ಯಾಸವನ್ನೂ ಮಾಡಿಸುತ್ತಾಳೆ, ಅದರಲ್ಲಿ ಇರಮ ಎಲ್ಲರಿಗಿಂತ ಮುಂದಿದ್ದಾಳಂತೆ. ಈ ಸುದ್ದಿಯನ್ನು ತಾಳಿಕೋಟೆಗೆ ಹೋದಾಗ ಹೇಳಿದೆ. ಮಾಸ್ತರರು ಹಲ್ಲಿನಲ್ಲಿ ದಾರ ಕಡಿದು, "ಚಲೋ ಆತು" ಎಂದರು. ಅದು ಸಂತೋಷದ ಮಾತೋ, ಬರಿಯ ಮಾತೋ, ನನಗೆ ಗೊತ್ತಾಗಲಿಲ್ಲ. ಅವರಿಗೆ ಅದಷ್ಟೇ ಸಾಕಾಗಿದೆ ಎಂದು ನಾನಂತೂ ಹೇಳಲಾರೆ, ಸಾಕಾಗಿರಲಿಕ್ಕಿಲ್ಲ.

ಈ ಸೀಮೆಯ ಒಂದೊಂದು ತಾಲೂಕಿಗೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮ್ಮ ವಿದ್ಯೆಯ ಮೇಲೆ ಎಷ್ಟು ಅಭಿಮಾನವೆಂದರೆ ಅದನ್ನು ಯಾರ ತಕ್ಕಡಿಯಲ್ಲೂ ಇಡಲು ಒಪ್ಪುವುದಿಲ್ಲ. ತಕ್ಕಡಿ ಹಿಡಿದವರು ಅವರಿಗಾಗಿ ಕಾಯುವುದೂ ಇಲ್ಲ. ಅಂಥವರನ್ನು ಕಂಡು ಮರುಗುವುದು ಸುಲಭ, ಹೊಗಳುವುದು ಇನ್ನೂ ಸುಲಭ, ನಾನು ಎರಡನ್ನೂ ಬಹಳ ಕಾಲ ಮಾಡಿದ್ದೇನೆ ಮತ್ತು ಅದರಿಂದ ಅವರಿಗೆ ಉಪಕಾರವಾಗಲಿಲ್ಲ. ಆದರೆ ಈ ಜಾತಿಯ ಮಾಸ್ತರರಲ್ಲಿ ಒಂದು ಗುಣವನ್ನು ನಾನು ತಡವಾಗಿ ಕಂಡೆ. ಹರಿದ ಪುಸ್ತಕ ಓದಿ ದೊಡ್ಡವನಾದ ನಾನು ಕಲಿತದ್ದನ್ನು ಹೇಳಿಕೊಡುವಾಗ ನನ್ನ ಸೊಕ್ಕನ್ನೂ ಜೊತೆಗೇ ಹೇಳಿಕೊಟ್ಟೆ, ಕೇಳಿದವರಿಗೂ, ಕೇಳದವರಿಗೂ. ಅವರು ಹಾಗೆ ಮಾಡಲಿಲ್ಲ. ವಿದ್ಯೆಯನ್ನೆಲ್ಲ ಆ ಹುಡುಗಿಯ ಕೈಗೆ ದಾಟಿಸಿ, ಸೊಕ್ಕನ್ನು ತಮ್ಮ ಹತ್ತಿರವೇ ಉಳಿಸಿಕೊಂಡರು. ಅದರ ಬೆಲೆಯನ್ನೂ ತಾವೊಬ್ಬರೇ ತೆತ್ತರು.